ಎರಡು ವರ್ಷ ಬಳಸಿದ ಪೆಲೆಟ್ ಒಲೆ

ಗಂಗಾವತಿಯ ಅಂಗಡಿಯೊಂದರಿಂದ ತಂದ, ಚಿಕ್ಕ ಫ್ಯಾನಿನಿಂದ ಗಾಳಿ ಊದಿ ಪೆಲೆಟ್ (ಹೊಟ್ಟು ಇಲ್ಲವೇ ಕಟ್ಟಿಗೆಯ ಪುಡಿಯನ್ನು ಒತ್ತಿ ಮಾಡಿದ ಸಣ್ಣ ಉರುವಲು ತುಂಡು) ಉರಿಸುವ ಈ ಒಲೆಯನ್ನು ಎರಡು ವರ್ಷಗಳಿಂದ ಹಿತ್ತಲಿನಲ್ಲಿ ಜೋಳದ ರೊಟ್ಟಿ ಸುಡಲು ಬಳಸುತ್ತಿದ್ದೇವೆ. ಉರಿ ಜೋರಾಗಿದೆ, ಹೊಗೆ ಕಡಿಮೆ. ಆದರೆ ಒಲೆಯನ್ನು ಚೊಕ್ಕವಾಗಿಟ್ಟಷ್ಟು ದಿನ ಮಾತ್ರ.

ಮೊದಲ ಬಾರಿ ಹೊಗೆ ಎದ್ದಾಗ ಅಂಗಡಿಯವರು ಫ್ಯಾನಿನ ಮೋಟಾರು ಬದಲಿಸಿ ಹಣ ಪಡೆದರು, ಹೊಗೆ ಮಾತ್ರ ನಿಲ್ಲಲಿಲ್ಲ. ಕೊನೆಗೆ ನಾನೇ ತಳದ ಜಾಲರಿಯನ್ನು ಕಳಚಿ ನೋಡಿದರೆ, ಗಟ್ಟಿಯಾದ ಬೂದಿಯ ಹೆಂಟೆಗಳು ಗಾಳಿಯ ರಂಧ್ರಗಳಲ್ಲಿ ಅರ್ಧದಷ್ಟನ್ನು ಮುಚ್ಚಿದ್ದವು. ನಮ್ಮ ಕಡೆಯ ಭತ್ತದ ಹೊಟ್ಟಿನ ಪೆಲೆಟ್ ಅಗ್ಗವಾದರೂ ತೂಕದ ಸುಮಾರು ಶೇ. 15ರಿಂದ 20ರಷ್ಟು ಬೂದಿ ಉಳಿಸುತ್ತದೆ. ಒಳ್ಳೆಯ ಕಟ್ಟಿಗೆ ಪೆಲೆಟ್‌ನಲ್ಲಿ ಅದು ಶೇ. 1ರ ಆಸುಪಾಸು. ಆದ್ದರಿಂದ ಹೊಟ್ಟಿನ ಪೆಲೆಟ್ ಉರಿಸುವವರು ಒಲೆ ಪೂರ್ತಿ ಆರಿದ ಮೇಲೆ ದಿನವೂ ಜಾಲರಿ ಕೊಡವಲೇಬೇಕು.

ಜ್ವಾಲೆ ಕೆಂಪಗೆ ತೂಗಾಡಿ ಹಂಚಿಗೆ ಮಸಿ ಹಿಡಿದರೆ ಗಾಳಿ ಸಾಲದು, ಬೂದಿ ಹಾರಿ ರೊಟ್ಟಿಯ ಮೇಲೆ ಕೂತರೆ ಗಾಳಿ ಹೆಚ್ಚಾಯಿತು (ಈ ಲೆಕ್ಕ ನಮ್ಮ ಅವ್ವನದು, ಕೈಪಿಡಿಯದಲ್ಲ). ಮಳೆಗಾಲದಲ್ಲಿ ತೇವ ತಾಗಿದ ಪೆಲೆಟ್ ಉಬ್ಬಿ ಪುಡಿಯಾಗುವುದರಿಂದ ಅದನ್ನು ಮುಚ್ಚಳದ ಡ್ರಮ್ಮಿನಲ್ಲಿಡುತ್ತೇವೆ.

ಬಿಡಿಭಾಗ ಸಿಗುವುದೇ ಎಂದು ಕೊಳ್ಳುವ ಮೊದಲೇ ವಿಚಾರಿಸಿ. ಸವೆದ ಜಾಲರಿಯನ್ನು ನಾವು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿಕೊಳ್ಳಬೇಕಾಯಿತು.