ಹ್ಯಾಂಗ್ ಆಗುವ ಲಿನಕ್ಸ್ ಲ್ಯಾಪ್‌ಟಾಪಿಗೆ ನಾಲ್ಕು ಮದ್ದು: ಒಂದೇ ಹೊರೆಯಡಿ ಮಾಡಿದ ಹೋಲಿಕೆ

ಹಳೆಯ ಕನ್ನಡ ಪುಸ್ತಕಗಳನ್ನು ಮರುಮುದ್ರಣಕ್ಕೆ ಅಣಿಗೊಳಿಸುವುದು ನನ್ನ ಕಸುಬು. ಸ್ಕ್ಯಾನ್ ಮಾಡಿದ ಪುಟಗಳನ್ನು ಟೆಸರಾಕ್ಟ್ ಓದಿ ಪಠ್ಯವಾಗಿಸುತ್ತದೆ, ಅದನ್ನು ಲಿಬ್ರೆಆಫೀಸಿನಲ್ಲಿ ತಿದ್ದುತ್ತೇನೆ. ಯೂನಿಕೋಡಿಗೆ ಮೊದಲಿನ ನುಡಿ ಫಾಂಟಿನಲ್ಲಿ ಟೈಪಾದ ಪೇಜ್‌ಮೇಕರ್ ಕಡತಗಳನ್ನು ತೆರೆಯಲಿಕ್ಕೆಂದೇ ಒಂದು ವಿಂಡೋಸನ್ನು ಕೆವಿಎಂ ವರ್ಚುವಲ್ ಯಂತ್ರದೊಳಗೆ ಇಟ್ಟುಕೊಂಡಿದ್ದೇನೆ. ಇಷ್ಟೆಲ್ಲ ನಡೆಯುವುದು 8 ಜಿಬಿ ರ್ಯಾಮ್, ಸಾಧಾರಣ ಎಸ್‌ಎಸ್‌ಡಿ ಮತ್ತು ಡೆಬಿಯನ್ 12 ಇರುವ ಹಳೆಯ ಲ್ಯಾಪ್‌ಟಾಪಿನಲ್ಲಿ. ವಾರಕ್ಕೆ ಎರಡು ಮೂರು ಬಾರಿ ಅದು ಕಲ್ಲಾಗುತ್ತಿತ್ತು. ಮೌಸಿನ ಬಾಣ ಪರದೆಯ ನಡುವೆ ನಿಂತಲ್ಲೇ ನಿಲ್ಲುತ್ತಿತ್ತು, ಮೂಲೆಯ ಗಡಿಯಾರ 4:17ರಲ್ಲೇ ಉಳಿಯುತ್ತಿತ್ತು, ಕೊನೆಗೆ ಪವರ್ ಗುಂಡಿಯನ್ನು ಒತ್ತಿ ಹಿಡಿಯದೆ ಬೇರೆ ದಾರಿ ಇರುತ್ತಿರಲಿಲ್ಲ.

ಮದ್ದು ಹುಡುಕುವ ಮೊದಲು ರೋಗ ಇದೇ ಹೌದೇ ಎಂದು ಖಚಿತಪಡಿಸಿಕೊಳ್ಳಬೇಕಾಗಿತ್ತು, ಏಕೆಂದರೆ ಕಂಪ್ಯೂಟರ್ ಸುಮ್ಮನೆ ಕೂತಿರುವಾಗ ನಿಂತುಹೋದರೆ ಅದು ಬಹುತೇಕ ಪ್ರೊಸೆಸರಿನ ವಿದ್ಯುತ್ ಉಳಿತಾಯದ ಸ್ಥಿತಿಗಳ ಅಥವಾ ಡ್ರೈವರಿನ ತೊಂದರೆ, ಅದಕ್ಕೆ ಇಲ್ಲಿ ಹೇಳುವ ಯಾವುದೂ ನಾಟುವುದಿಲ್ಲ. ನನ್ನದು ಯಾವಾಗಲೂ ಹೊರೆ ಹೆಚ್ಚಿದಾಗಲೇ ನಿಲ್ಲುತ್ತಿತ್ತು. ನಿಂತ ಮೇಲೆ ಕ್ಯಾಪ್ಸ್ ಲಾಕ್ ಒತ್ತಿದರೆ ಅದರ ದೀಪ ಹತ್ತು ಹದಿನೈದು ಸೆಕೆಂಡು ತಡವಾಗಿಯಾದರೂ ಹೊತ್ತಿಕೊಳ್ಳುತ್ತಿತ್ತು, ಡಿಸ್ಕಿನ ದೀಪ ಆರುತ್ತಲೇ ಇರಲಿಲ್ಲ. ಅಂದರೆ ಲಿನಕ್ಸಿನ ತಿರುಳಾದ ಕರ್ನಲ್ ಸತ್ತಿರಲಿಲ್ಲ, ಬೇರೆಲ್ಲೋ ಏಗುತ್ತಿತ್ತು. ಜರ್ನಲ್‌ಸಿಟಿಎಲ್‌ನಲ್ಲಿ ಹಿಂದಿನ ಬೂಟಿನ ದಾಖಲೆ ತೆಗೆದರೆ ಗ್ರಾಫಿಕ್ಸಿನ ಅಥವಾ ಡಿಸ್ಕಿನ ದೋಷದ ಒಂದು ಸಾಲೂ ಇರಲಿಲ್ಲ. ರ್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಇಡೀ ರಾತ್ರಿ ಓಡಿಯೂ ತಪ್ಪು ತೋರಿಸಲಿಲ್ಲ. ಪಕ್ಕದ ಕಂಪ್ಯೂಟರಿನಿಂದ ಎಸ್‌ಎಸ್‌ಎಚ್ ಮೂಲಕ ಮೊದಲೇ ಒಳಹೊಕ್ಕು, ರ್ಯಾಮ್ ಮತ್ತು ಡಿಸ್ಕಿನ ಬಳಕೆ ತೋರಿಸುವ ವಿಎಂಸ್ಟ್ಯಾಟ್ ಓಡಿಸಿಟ್ಟಾಗ ಗುಟ್ಟು ಬಯಲಾಯಿತು: ಖಾಲಿ ರ್ಯಾಮ್ ತಳ ಮುಟ್ಟಿತ್ತು, ಡಿಸ್ಕಿನಿಂದ ಓದುವ ಅಂಕಣ ಮಾತ್ರ ಉಕ್ಕುತ್ತಿತ್ತು.

ಕರ್ನಲ್ಲಿನೊಳಗೇ ಇರುವ ಊಮ್ (ಔಟ್ ಆಫ್ ಮೆಮೊರಿ) ಕಿಲ್ಲರ್ ಇಂಥ ಹೊತ್ತಿಗೆ ಯಾವುದಾದರೊಂದು ಪ್ರೋಗ್ರಾಮನ್ನು ಕೊಂದು ಉಳಿದವನ್ನು ಕಾಪಾಡಬೇಕು. ಆದರೆ ಅದು ಏಳುವುದು ಇನ್ನು ಏನನ್ನೂ ಬಿಡುಗಡೆ ಮಾಡಲಾಗದು ಎಂದಾದಾಗ ಮಾತ್ರ, ಮತ್ತು ಬಿಡುಗಡೆ ಮಾಡಲು ಏನಾದರೊಂದು ಇದ್ದೇ ಇರುತ್ತದೆ. ಓಡುತ್ತಿರುವ ಪ್ರೋಗ್ರಾಮುಗಳ ಕೋಡ್ ಇರುವ ಪುಟಗಳು (ಕರ್ನಲ್ ರ್ಯಾಮನ್ನು ಹಂಚುವ ಸಣ್ಣ ತುಣುಕುಗಳು) ಹೇಗೂ ಡಿಸ್ಕಿನಲ್ಲಿ ಇರುವುದರಿಂದ ಕರ್ನಲ್ ಅವನ್ನು ರ್ಯಾಮಿನಿಂದ ಕಿತ್ತು ಹಾಕುತ್ತದೆ, ಮರುಕ್ಷಣವೇ ಬೇಕಾಗಿ ಮತ್ತೆ ಓದಿಕೊಳ್ಳುತ್ತದೆ. ರ್ಯಾಮ್ ಸಾಲದಾದಾಗ ಅದರ ಪುಟಗಳನ್ನು ಇಡುವ ಡಿಸ್ಕಿನ ಜಾಗವಾದ ಸ್ವಾಪನ್ನೇ ತೆಗೆದುಹಾಕಿದರೆ ಹ್ಯಾಂಗ್ ನಿಲ್ಲುತ್ತದೆ ಎಂಬ ಪ್ರಚಲಿತ ಸಲಹೆ ಸುಳ್ಳಾಗುವುದು ಇಲ್ಲಿಯೇ. ಸ್ವಾಪ್ ಇಲ್ಲದೆಯೂ ಒಮ್ಮೆ ನೋಡಿದೆ. ಕಲ್ಲಾಗುವುದು ತಪ್ಪಲಿಲ್ಲ, ಇನ್ನಷ್ಟು ಬೇಗ ಕಲ್ಲಾಯಿತು.

ಹೋಲಿಕೆಗೆ ಒಂದು ನಿಗದಿತ ಹೊರೆ ಕಟ್ಟಿಕೊಂಡೆ: 3 ಜಿಬಿ ಕೊಟ್ಟ ವಿಂಡೋಸ್ ಯಂತ್ರ, ಇಪ್ಪತ್ತೈದು ಟ್ಯಾಬಿನ ಫೈರ್‌ಫಾಕ್ಸ್, ನಾನೂರು ಪುಟದ ಒಂದು ಲಿಬ್ರೆಆಫೀಸ್ ಕಡತ, ಜೊತೆಗೆ ಸ್ಕ್ಯಾನ್ ಪುಟಗಳ ರಾಶಿಯ ಮೇಲೆ ಏಕಕಾಲಕ್ಕೆ ನಾಲ್ಕು ಟೆಸರಾಕ್ಟ್. ನಾಲ್ಕನ್ನು ಆರಕ್ಕೇರಿಸಿದರೆ ಅದು ಕಠಿಣ ಪರೀಕ್ಷೆ. ಅನುಸ್ಥಾಪನೆಯ ವೇಳೆ ಬಂದಿದ್ದ ಸ್ವಾಪ್ ವಿಭಾಗ 1 ಜಿಬಿಯಷ್ಟೇ ಇತ್ತು. ಆ ಮೂಲಸ್ಥಿತಿಯಲ್ಲಿ ನಾಲ್ಕು ಟೆಸರಾಕ್ಟಿಗೇ ಯಂತ್ರ ನಿಲ್ಲುತ್ತಿತ್ತು.

ಮೊದಲ ಮದ್ದು ಎಲ್ಲರಿಗೂ ಗೊತ್ತಿರುವಂಥದು, 8 ಜಿಬಿಯ ಸ್ವಾಪ್ ಕಡತ. ನಾಲ್ಕರ ಹೊರೆ ಕೊನೆ ಮುಟ್ಟಿತು, ಯಾವುದೂ ಸಾಯಲಿಲ್ಲ. ಆದರೆ ಬಾಣ ಎರಡು ಮೂರು ಸೆಕೆಂಡು ಸಿಕ್ಕಿಕೊಳ್ಳುತ್ತಿತ್ತು, ಒಂದು ಪದ ಟೈಪಿಸಿ ಕೈ ತೆಗೆದ ಮೇಲೆ ಅಕ್ಷರಗಳು ಒಟ್ಟಿಗೆ ಉದುರುತ್ತಿದ್ದವು. ಆರಕ್ಕೇರಿಸಿದಾಗ ಹನ್ನೊಂದು ನಿಮಿಷ ಪೂರ್ತಿ ಸ್ತಬ್ಧ. ಜಾಗ ಹೆಚ್ಚಾದಷ್ಟೂ ಒದ್ದಾಟ ಉದ್ದವಾಗುತ್ತದೆ, ಊಮ್ ಕಿಲ್ಲರ್ ಏಳುವುದು ಇನ್ನೂ ತಡವಾಗುತ್ತದೆ. ಹೈಬರ್ನೇಟ್ ಮಾಡುವವರಿಗೆ ಡಿಸ್ಕಿನ ಸ್ವಾಪ್ ಬೇಕೇ ಬೇಕು. ಹ್ಯಾಂಗಿಗೆ ಇದೊಂದನ್ನೇ ನಂಬುವುದನ್ನು ನಾನು ಒಪ್ಪುವುದಿಲ್ಲ.

ಎರಡನೆಯದು ಝಡ್‌ರ್ಯಾಮ್. 2014ರಲ್ಲಿ 3.14ನೆಯ ಕರ್ನಲ್ಲಿನ ಮುಖ್ಯ ಭಾಗಕ್ಕೆ ಬಂದ ಇದು ರ್ಯಾಮಿನ ಒಂದು ಭಾಗವನ್ನೇ ಸ್ವಾಪಿನಂತೆ ತೋರಿಸಿ, ಅಲ್ಲಿಗೆ ಕಳಿಸಿದ ಪುಟಗಳನ್ನು ಕುಗ್ಗಿಸಿ ಇಡುತ್ತದೆ. ಫೆಡೋರಾ 2020ರ 33ನೆಯ ಆವೃತ್ತಿಯಿಂದಲೇ ಇದನ್ನು ತಾನಾಗಿ ಕೊಡುತ್ತಿದೆ. ಡೆಬಿಯನ್ನಿನಲ್ಲಿ ಝಡ್‌ರ್ಯಾಮ್-ಟೂಲ್ಸ್ ಹಾಕಿಕೊಂಡು, ರ್ಯಾಮಿನ ಶೇಕಡಾ 50 ಎಂದೂ ಕುಗ್ಗಿಸುವ ವಿಧಾನ ಝಡ್‌ಎಸ್‌ಟಿಡಿ ಎಂದೂ ಎರಡು ಸಾಲು ಬರೆದರೆ ಮುಗಿಯಿತು. ನಾಲ್ಕರ ಹೊರೆಯ ನಡುವೆ ಝಡ್‌ರ್ಯಾಮ್‌ಸಿಟಿಎಲ್ ತೋರಿಸಿದ ಲೆಕ್ಕದಲ್ಲಿ 3.1 ಜಿಬಿ ದತ್ತಾಂಶ 0.9 ಜಿಬಿಯಲ್ಲಿ ಕೂತಿತ್ತು. ಬಾಣ ಒಮ್ಮೆಯೂ ನಿಲ್ಲಲಿಲ್ಲ, ತಿದ್ದುವ ಕೆಲಸ ಎಂದಿನಂತೆ ಸಾಗಿತು, ಫ್ಯಾನ್ ಮಾತ್ರ ಜೋರಾಗಿ ಕೂಗಿತು. ಬೇಡಿಕೆಗೆ ತಕ್ಕಂತೆ ಸ್ವಾಪಿನ ಕಡೆಗೆ ಕರ್ನಲ್ ಎಷ್ಟು ವಾಲಬೇಕೆಂದು ಹೇಳುವ ಸ್ವಾಪಿನ್ನೆಸ್ ಮೌಲ್ಯವನ್ನು 100ಕ್ಕಿಂತ ಮೇಲೆ, 180ಕ್ಕೆ ಒಯ್ದಾಗ ಇನ್ನೂ ಹಗುರಾಯಿತು, 5.8ನೆಯ ಕರ್ನಲ್ಲಿನಿಂದ ಅದು 200ರವರೆಗೂ ಹೋಗುತ್ತದೆ.

ಒಂದು ಎಡವಟ್ಟು ಮಾಡಿಕೊಂಡಿದ್ದೆ. ಹಳೆಯ 8 ಜಿಬಿ ಸ್ವಾಪ್ ಕಡತವನ್ನು ತೆಗೆಯದೆ, ಎರಡೂ ಇರಲಿ ಎಂದು ಬಿಟ್ಟಿದ್ದೆ. ಆದ್ಯತೆ ಹೆಚ್ಚಿರುವ ಝಡ್‌ರ್ಯಾಮ್ ಮೊದಲು ತುಂಬುತ್ತದೆ, ಅದರೊಳಗೆ ಬೆಳಿಗ್ಗೆಯಿಂದ ಯಾರೂ ಮುಟ್ಟದ ತಣ್ಣನೆಯ ಪುಟಗಳು ಕೂತುಬಿಡುತ್ತವೆ, ಆಮೇಲೆ ಹೊರಬೀಳುವ ಬಿಸಿ ಪುಟಗಳು ನಿಧಾನದ ಡಿಸ್ಕಿಗೆ ಹೋಗುತ್ತವೆ. ಪರಿಣಾಮವಾಗಿ ಮಧ್ಯಾಹ್ನದವರೆಗೆ ಚೆನ್ನಾಗಿದ್ದ ಯಂತ್ರ ಸಂಜೆಗೆ ಮತ್ತೆ ತೆವಳತೊಡಗಿತು. ಕಡತವನ್ನು ತೆಗೆದೆ. ಆದರೂ ಆರರ ಪರೀಕ್ಷೆಯಲ್ಲಿ ಝಡ್‌ರ್ಯಾಮ್ ತುಂಬಿದ ಕ್ಷಣಕ್ಕೆ ಹಳೆಯ ಕಥೆಯೇ ಮರುಕಳಿಸಿತು: ಅದು ಅಂಗಳವನ್ನು ದೊಡ್ಡದು ಮಾಡುತ್ತದೆ, ಅಂಗಳ ತುಂಬಿದ ಮೇಲೆ ಯಾರನ್ನು ಹೊರಗೆ ಕಳಿಸಬೇಕೆಂಬುದು ಅದರ ಕೆಲಸವಲ್ಲ.

ಆ ಕೆಲಸಕ್ಕೆ ಇಬ್ಬರು ಪೈಪೋಟಿಗಾರರಿದ್ದಾರೆ. ಅರ್ಲಿಊಮ್ ಎಂಬ ಚಿಕ್ಕ ಪ್ರೋಗ್ರಾಮು ಸೆಕೆಂಡಿಗೆ ಹತ್ತು ಬಾರಿಯವರೆಗೆ ಲಭ್ಯ ರ್ಯಾಮನ್ನೂ ಖಾಲಿ ಸ್ವಾಪನ್ನೂ ನೋಡುತ್ತದೆ. ಎರಡೂ ಶೇಕಡಾ 10ಕ್ಕಿಂತ ಕೆಳಗಿಳಿದರೆ ಊಮ್ ಅಂಕ (ಯಾವುದನ್ನು ಮೊದಲು ಕೊಲ್ಲಬೇಕೆಂದು ಕರ್ನಲ್ ಕೊಡುವ ಅಂಕ) ಅತಿ ಹೆಚ್ಚಿರುವ ಪ್ರಕ್ರಿಯೆಗೆ ಮರ್ಯಾದೆಯಾಗಿ ಮುಗಿಸೆಂದು ಸಂಕೇತ ಕಳಿಸುತ್ತದೆ, 5ಕ್ಕಿಂತ ಕೆಳಗಿಳಿದರೆ ನೇರವಾಗಿ ಕೊಲ್ಲುತ್ತದೆ. ಆರರ ಪರೀಕ್ಷೆಗೆ ಒಡ್ಡಿದಾಗ ಯಂತ್ರ ಅರೆಕ್ಷಣವೂ ನಿಲ್ಲಲಿಲ್ಲ. ಆದರೆ ಕೊಂದದ್ದು ಯಾವುದನ್ನು? ಎಲ್ಲಕ್ಕಿಂತ ದಪ್ಪಗಿದ್ದ ವಿಂಡೋಸ್ ಯಂತ್ರವನ್ನು. ಅದರೊಳಗೆ ಉಳಿಸದೆ ಬಿಟ್ಟಿದ್ದ ಪೇಜ್‌ಮೇಕರ್ ಕಡತದ ಎಂಟು ಪುಟದ ತಿದ್ದುಪಡಿ ಹೋಯಿತು. ಇದಕ್ಕೆ ಪರಿಹಾರವೂ ಅದರಲ್ಲೇ ಇದೆ: ಅವಾಯ್ಡ್ ಎಂಬ ಆಯ್ಕೆಗೆ ಹೆಸರು ಕೊಟ್ಟರೆ ಆ ಪ್ರಕ್ರಿಯೆಯ ಅಂಕದಿಂದ 300 ಕಳೆಯುತ್ತದೆ, ಪ್ರಿಫರ್ ಎಂಬುದಕ್ಕೆ ಕೊಟ್ಟರೆ 300 ಕೂಡಿಸುತ್ತದೆ. ವಿಂಡೋಸ್ ಯಂತ್ರವನ್ನು ಓಡಿಸುವ ಪ್ರೋಗ್ರಾಮಾದ ಕ್ಯೂಎಂಯುವಿನ ಪೂರ್ತಿ ಹೆಸರನ್ನು ಅವಾಯ್ಡಿಗೆ ಬರೆದು ನೆಮ್ಮದಿಯಾಗಿ ಕೂತೆ, ಮರುದಿನ ಮತ್ತೆ ಅದೇ ಸತ್ತಿತು. ಕಾರಣ ಸಿಕ್ಕಿದ್ದು ಸಂಜೆಗೆ. ಕರ್ನಲ್ ಪ್ರಕ್ರಿಯೆಯ ಹೆಸರಿನ ಮೊದಲ 15 ಅಕ್ಷರಗಳನ್ನಷ್ಟೇ ಇಟ್ಟುಕೊಳ್ಳುತ್ತದೆ; ಆ ಹೆಸರು ಎಕ್ಸ್86 ಎಂಬಲ್ಲಿಗೇ ತುಂಡಾಗುತ್ತದೆ, ನಾನು ಬರೆದ ಬಾಲದ 64 ಯಾವುದಕ್ಕೂ ಹೊಂದಿರಲೇ ಇಲ್ಲ. ಬಾಲ ಕತ್ತರಿಸಿ, ಪ್ರಿಫರಿಗೆ ಟೆಸರಾಕ್ಟ್ ಎಂದು ಸೇರಿಸಿದ ಮೇಲೆ ಸರಿಹೋಯಿತು.

ಇನ್ನೊಬ್ಬ ಪೈಪೋಟಿಗಾರ, ಲಿನಕ್ಸಿನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಊಮ್‌ಡಿ, 2020ರ 247ನೆಯ ಆವೃತ್ತಿಯಲ್ಲಿ ಬಂದದ್ದು. ಇದರ ಅಳತೆಗೋಲು ಹೆಚ್ಚು ಶಾಸ್ತ್ರೀಯವಾದದ್ದು ಎಂಬುದನ್ನು ಒಪ್ಪಬೇಕು. ರ್ಯಾಮ್ ಎಷ್ಟು ಉಳಿದಿದೆ ಎಂದಷ್ಟೇ ನೋಡದೆ, ರ್ಯಾಮಿಗಾಗಿ ಪ್ರಕ್ರಿಯೆಗಳು ಎಷ್ಟು ಕಾಲ ಕಾಯುತ್ತಾ ಕೂತಿವೆ ಎಂಬುದನ್ನು, ಅಂದರೆ 4.20ನೆಯ ಕರ್ನಲ್ ಕೊಡತೊಡಗಿದ ಪಿಎಸ್‌ಐ ಅಂಕಿಗಳನ್ನು, ಇದು ಓದುತ್ತದೆ. ಮೂಲ ಸಂರಚನೆಯಲ್ಲಿ ಒತ್ತಡ ಶೇಕಡಾ 60ರ ಮೇಲೆ 30 ಸೆಕೆಂಡು ನಿಲ್ಲಬೇಕು. ನಿರೀಕ್ಷಿಸಿದಂತೆ ಆ ಮೂವತ್ತು ಸೆಕೆಂಡು ಪರದೆಯ ಮುಂದೆ ಕೂತವನಿಗೆ ಬಹಳ ಉದ್ದ. ಅದನ್ನು ನಾನು 10ಕ್ಕೆ ಇಳಿಸಿದೆ. ಮುಖ್ಯ ವ್ಯತ್ಯಾಸ ಬೇರೆಯದು: ಊಮ್‌ಡಿ ಒಂದು ಪ್ರಕ್ರಿಯೆಯನ್ನು ಆರಿಸುವುದಿಲ್ಲ, ಒಂದು ಸಿಗ್ರೂಪನ್ನು, ಅಂದರೆ ಕರ್ನಲ್ ಒಟ್ಟಾಗಿ ನೋಡುವ ಪ್ರಕ್ರಿಯೆಗಳ ಗುಂಪನ್ನು, ಬುಡಸಮೇತ ಕೀಳುತ್ತದೆ. ಗ್ನೋಮ್ ಟರ್ಮಿನಲ್ಲಿನ ಒಂದು ಟ್ಯಾಬಿನಲ್ಲಿ ಓಡುತ್ತಿದ್ದ ಆರೂ ಟೆಸರಾಕ್ಟುಗಳು, ಅವನ್ನು ಓಡಿಸುತ್ತಿದ್ದ ಸ್ಕ್ರಿಪ್ಟು, ಅದರ ಶೆಲ್ಲು, ಎಲ್ಲ ಒಟ್ಟಿಗೆ ಹೋದವು. ಯಾವ ಪುಟದವರೆಗೆ ಬಂದಿತ್ತು ಎಂದು ಹೇಳಲು ಪರದೆಯ ಮೇಲೆ ಏನೂ ಉಳಿಯಲಿಲ್ಲ. ಇನ್ನೊಂದು ಓಟದಲ್ಲಿ ಇಡೀ ಫೈರ್‌ಫಾಕ್ಸ್ ಮಾಯವಾಯಿತು. ಉಬುಂಟು 22.04 ಇದನ್ನು ತಾನಾಗಿ ಚಾಲೂ ಮಾಡಿ ಕೊಟ್ಟಾಗ ಬ್ರೌಸರ್ ಹೇಳದೆ ಕೇಳದೆ ಮುಚ್ಚಿಕೊಳ್ಳುತ್ತದೆ ಎಂದು ಬಳಕೆದಾರರು ದೂರಿದ್ದು ಇದೇ ಕಾರಣಕ್ಕೆ. ಪ್ರತಿ ಸೇವೆಯೂ ತನ್ನದೇ ಸಿಗ್ರೂಪಿನಲ್ಲಿ ಅಚ್ಚುಕಟ್ಟಾಗಿರುವ ಸರ್ವರುಗಳಿಗೆ ಇದು ತಕ್ಕದ್ದು. ಒಂದೇ ಟರ್ಮಿನಲ್ಲಿನಲ್ಲಿ ಹತ್ತು ಕೆಲಸ ತುರುಕುವ ನನ್ನಂಥವನಿಗಲ್ಲ.

ಈ ನಾಲ್ಕರ ಹೊರಗೆ ಒಂದು ಕೈಮದ್ದೂ ಇದೆ. ಆಲ್ಟ್, ಸಿಸ್‌ಆರ್‌ಕ್ಯೂ ಮತ್ತು ಎಫ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಕರ್ನಲ್ಲಿನ ಊಮ್ ಕಿಲ್ಲರನ್ನು ಕೈಯಾರೆ ಎಬ್ಬಿಸಬಹುದು. ಡೆಬಿಯನ್ನಿನಲ್ಲಿ ಇದು ನೇರವಾಗಿ ನಡೆಯದು, ಏಕೆಂದರೆ ಸಿಸ್‌ಆರ್‌ಕ್ಯೂವಿನ ಅಲ್ಲಿನ ಮೌಲ್ಯ 438, ಅದರಲ್ಲಿ ಪ್ರಕ್ರಿಯೆಗಳನ್ನು ಕೊಲ್ಲುವ ಅನುಮತಿಯಾದ 64 ಸೇರಿಲ್ಲ. ಕೂಡಿಸಿ 502 ಎಂದು ಬರೆಯಬೇಕು. ಬರೆದಿಟ್ಟಿದ್ದೇನೆ, ಆದರೆ ನನ್ನ ಕೀಲಿಮಣೆಯಲ್ಲಿ ಆ ಕೀಲಿ ಎಫ್‌ಎನ್ ಜೊತೆ ಪ್ರಿಂಟ್ ಸ್ಕ್ರೀನಿನಲ್ಲಿ ಅಡಗಿರುವುದರಿಂದ ನಾಲ್ಕು ಬೆರಳಿನ ಸರ್ಕಸ್ಸಾಗುತ್ತದೆ.

ಈಗ ಉಳಿಸಿಕೊಂಡಿರುವುದು ಝಡ್‌ರ್ಯಾಮ್ ಮತ್ತು ಅರ್ಲಿಊಮ್ ಜೋಡಿಯನ್ನು. ಕಳೆದ ಮೂರು ತಿಂಗಳಲ್ಲಿ ಪವರ್ ಗುಂಡಿಯನ್ನು ಒತ್ತಿ ಹಿಡಿದಿಲ್ಲ. ಅರ್ಲಿಊಮಿನ ದಾಖಲೆಯಲ್ಲಿ ನಾಲ್ಕು ಸಾವುಗಳಿವೆ, ನಾಲ್ಕೂ ಟೆಸರಾಕ್ಟಿನವು. ಪಠ್ಯ ಬರದೆ ಉಳಿದ ಪುಟವನ್ನು ಹೆಕ್ಕಿ ಮತ್ತೆ ಓಡಿಸುವಂತೆ ಸ್ಕ್ರಿಪ್ಟಿಗೆ ಒಂದು ಸಾಲು ಸೇರಿಸಿದ್ದೇನೆ.