ಚೇಂಬರ್ಸ್ ಡಿಕ್ಷನರಿ: ಕ್ರಿಪ್ಟಿಕ್ ಪದಬಂಧಕ್ಕಾಗಿ ವರ್ಷಗಟ್ಟಲೆ ಬಳಸಿದ ಮೇಲೆ

ಇಂಗ್ಲಿಷ್ ಕ್ರಿಪ್ಟಿಕ್ ಪದಬಂಧ ಬಿಡಿಸಲು ಯಾವ ನಿಘಂಟು ಇಟ್ಟುಕೊಳ್ಳಬೇಕು ಎಂದು ಯಾರು ಕೇಳಿದರೂ ನಾನು ಚೇಂಬರ್ಸ್ ಹೆಸರನ್ನೇ ಹೇಳುತ್ತೇನೆ. ವರ್ಷಗಳಿಂದ ಅದು ನನ್ನ ಮೇಜಿನ ಮೇಲೇ ಇದೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡಬೇಕು. ಉತ್ತರ ಹುಡುಕಿಕೊಡುವ ಪುಸ್ತಕ ಬೇಕಾದರೆ ಬೇರೆ ನೋಡಿ. ಉತ್ತರ ಹೊಳೆದ ಮೇಲೆ, ಅದು ಖಂಡಿತ ಸರಿ ಎಂದು ಸಾಬೀತು ಮಾಡಿಕೊಳ್ಳಲು ತೆರೆಯುವ ಪುಸ್ತಕ ಇದು. ಚೌಕದ ಮನೆಗಳನ್ನು ತುಂಬಿಸಿದರೆ ಸಾಲದು, ಯಾಕೆ ಆ ಉತ್ತರ ಎಂದು ಬಿಡಿಸಿ ಹೇಳಲೂ ಬರಬೇಕು ಅಲ್ವಾ? ಆ ಕೆಲಸದಲ್ಲಿ ಚೇಂಬರ್ಸ್‌ಗೆ ಸಾಟಿಯಾದದ್ದು ನನಗೆ ಸಿಕ್ಕಿಲ್ಲ.

ಹೊಸಬರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಕ್ರಿಪ್ಟಿಕ್ ಸುಳಿವಿನಲ್ಲಿ ಸಾಮಾನ್ಯವಾಗಿ ಎರಡು ಭಾಗ. ಒಂದು ಉತ್ತರದ ಅರ್ಥ. ಇನ್ನೊಂದು ಅಕ್ಷರಗಳ ಆಟ. ಅರ್ಥದ ಭಾಗ ಸುಳಿವಿನ ಮೊದಲಲ್ಲೋ ಕೊನೆಯಲ್ಲೋ ಇರುತ್ತದೆ, ನಡುವೆ ಇರುವುದಿಲ್ಲ. ನಾನೇ ಕಟ್ಟಿದ ಒಂದು ಸುಳಿವು ನೋಡಿ: ‘ಇಂಡಿಯನ್ ಫಾರ್ಮರ್ ಅಪ್‌ಸೆಟ್ ಟೋರಿ’, ನಾಲ್ಕು ಅಕ್ಷರ. ಸುಮ್ನೆ ಓದಿದರೆ ಭಾರತದ ರೈತನೊಬ್ಬ ಬ್ರಿಟನ್ನಿನ ಟೋರಿ ಪಕ್ಷದವರಿಗೆ ಬೇಜಾರು ಮಾಡಿದ ಸುದ್ದಿ. ಆ ಸುದ್ದಿಯನ್ನು ಪಕ್ಕಕ್ಕಿಡಿ. ‘ಅಪ್‌ಸೆಟ್’ ಎಂದರೆ ಮುಂದಿನ ಅಕ್ಷರಗಳನ್ನು ಕಲಸು ಎಂಬ ಸೂಚನೆ. ಟೋರಿಯ ಟಿ, ಓ, ಆರ್, ವೈ ಕಲಸಿದರೆ ಆರ್, ವೈ, ಓ, ಟಿ ಆಗುತ್ತದೆ. ರೈತನಿಗೆ ಇಂಗ್ಲಿಷಿನಲ್ಲಿ ಹಿಂದಿನಿಂದ ಬಳಕೆಯಲ್ಲಿರುವ ಪದ ಅದು. ನಮಗೆ ಕೇಳಿದ ಕೂಡಲೇ ಗುರುತು ಸಿಗುತ್ತದೆ. ಆದರೆ ಇಂಗ್ಲಿಷ್ ನಿಘಂಟಿನಲ್ಲಿ ಇದೆಯಾ, ಅದೇ ಕಾಗುಣಿತದಲ್ಲಿದೆಯಾ? ಚೇಂಬರ್ಸ್‌ನಲ್ಲಿ ಇದೆ. ಅಲ್ಲಿಗೆ ಸುಳಿವು ಪೂರ್ತಿ ಬಿಡಿಸಿದಂತೆ.

ಇದು ಸುಲಭದ್ದಾಯಿತು. ಉತ್ತರವೇ ಅಪರಿಚಿತ ಪದವಾದಾಗ ನಿಘಂಟಿನ ನಿಜವಾದ ಬೆಲೆ ಗೊತ್ತಾಗುತ್ತದೆ. ‘ಓಲ್ಡ್ ಅಂಕಲ್ ಸೀನ್ ಇನ್ ದ ಮೆಡೋ’, ಮೂರು ಅಕ್ಷರ. ‘ಸೀನ್ ಇನ್’ ಎಂದಮೇಲೆ ಉತ್ತರ ಪಕ್ಕದ ಪದಗಳಲ್ಲೇ ಅಡಗಿದೆ ಎಂದು ಅನುಮಾನ ಬರಬೇಕು. ‘ದ’ ಎಂಬುದರ ಕೊನೆಯ ಇ, ‘ಮೆಡೋ’ದ ಮೊದಲ ಎಂ ಮತ್ತು ಇ ಸೇರಿಸಿದರೆ ಇ, ಎಂ, ಇ. ಇಂಥ ಪದ ಉಂಟಾ? ಸಾಧಾರಣ ನಿಘಂಟಿನಲ್ಲಿ ಸಿಗುವುದು ಕಷ್ಟ. ಚೇಂಬರ್ಸ್‌ನಲ್ಲಿ ಸಿಗುತ್ತದೆ. ಅರ್ಥ ಅಂಕಲ್, ಜೊತೆಗೆ ಈಗ ಬಳಕೆಯಲ್ಲಿಲ್ಲ ಎಂಬ ಗುರುತು. ಸುಳಿವಿನಲ್ಲಿ ‘ಓಲ್ಡ್’ ಯಾಕೆ ಬಂತು ಎಂಬುದಕ್ಕೆ ಆ ಗುರುತೇ ಉತ್ತರ. ಅಂಕಲ್‌ಗೆ ವಯಸ್ಸಾಗಿಲ್ಲ, ಪದಕ್ಕೆ ವಯಸ್ಸಾಗಿದೆ.

ಈ ಗುರುತುಗಳನ್ನು ಓದಲು ಕಲಿಯಿರಿ, ಇದೇ ನನ್ನ ದೊಡ್ಡ ಸಲಹೆ. ಪದದ ಪಕ್ಕದಲ್ಲಿ ಸ್ಕಾಟ್ಲೆಂಡಿನದು, ಹಳೆಯದು, ಶೇಕ್ಸ್‌ಪಿಯರ್ ಬಳಸಿದ್ದು, ಸ್ಪೆನ್ಸರ್ ಎಂಬ ಹಳೆಯ ಇಂಗ್ಲಿಷ್ ಕವಿ ಬಳಸಿದ್ದು ಎಂದು ಚಿಕ್ಕದಾಗಿ ಬರೆದಿರುತ್ತಾರೆ. ಪ್ರಾಮಾಣಿಕವಾದ ಪದಬಂಧಕಾರರು ಅದೇ ಗುರುತನ್ನು ಸುಳಿವಿನೊಳಗೆ ಬೇರೆ ವೇಷದಲ್ಲಿ ತರುತ್ತಾರೆ. ಗ್ಲಾಸ್ಗೋ ಅಥವಾ ಎಡಿನ್‌ಬರೋ ಹೆಸರು ಬಂದರೆ ಸ್ಕಾಟ್ಸ್ ಪದ ಬೇಕು ಎಂದು ತಿಳಿಯಬಹುದು. ‘ಒನ್ಸ್’ ಬಂದರೆ ಹಳೆಯ ಪದ. ಸ್ಕಾಟ್ಸ್ ಪದಗಳಂತೂ ಇದರಲ್ಲಿ ರಾಶಿ ರಾಶಿ ಇವೆ. 1901ರಲ್ಲಿ ಮೊದಲ ಬಾರಿಗೆ ಈ ನಿಘಂಟನ್ನು ಹೊರತಂದ ಪ್ರಕಾಶನ ಎಡಿನ್‌ಬರೋದ್ದೇ ಆಗಿತ್ತು.

ಇನ್ನು ಚಿಕ್ಕ ಪದಗಳು ಮತ್ತು ಒಂಟಿ ಅಕ್ಷರಗಳು. ಎ, ಐ ಎಂಬ ಎರಡೇ ಅಕ್ಷರದ ಪದವೊಂದಿದೆ. ಅದು ಮೂರು ಬೆರಳಿನ ಸ್ಲಾತ್ ಎಂಬ ಪ್ರಾಣಿ. ಹೊರಗಡೆ ಎಲ್ಲೂ ಕೇಳುವುದಿಲ್ಲ, ಪದಬಂಧದಲ್ಲಿ ಮಾತ್ರ ಜಾಸ್ತಿ ಓಡಾಡುತ್ತದೆ. ‘ಜಸ್ಟ್ ಸ್ಲಾತ್ ಇನ್ ಫ್ರಾನ್ಸ್’, ನಾಲ್ಕು ಅಕ್ಷರ. ಫ್ರಾನ್ಸ್‌ಗೆ ಎಫ್, ಆರ್ ಎಂಬ ಸಂಕ್ಷಿಪ್ತ ರೂಪ. ಅದರೊಳಗೆ ಸ್ಲಾತ್ ಹೊಕ್ಕರೆ ಎಫ್, ಎ, ಐ, ಆರ್. ಫೇರ್, ಅಂದರೆ ನ್ಯಾಯವಾದ. ‘ಜಸ್ಟ್’ ಇಲ್ಲಿ ಅರ್ಥದ ಭಾಗ. ಇಂಥ ಸಂಕ್ಷಿಪ್ತ ರೂಪಗಳು ಸರಿಯೋ ತಪ್ಪೋ ಎಂದು ಚರ್ಚೆ ಬಂದಾಗಲೆಲ್ಲ ನಾನು ನೋಡುವುದು ಇದನ್ನೇ. ಪ್ರತಿ ಅಕ್ಷರದ ಆರಂಭದಲ್ಲಿ ಆ ಒಂಟಿ ಅಕ್ಷರ ಏನೇನನ್ನು ಸೂಚಿಸಬಹುದು ಎಂದು ಕೊಟ್ಟಿದ್ದಾರೆ. ಎನ್ ಎಂದರೆ ಉತ್ತರ ದಿಕ್ಕೂ ಹೌದು, ಚೆಸ್ ಆಟದ ಕುದುರೆಯೂ ಹೌದು. ಎಲ್ ಎಂದರೆ ಎಡ, ರೋಮನ್ ಅಂಕಿ 50, ಡ್ರೈವಿಂಗ್ ಕಲಿಯುವವರು. ಸುಳಿವಿನಲ್ಲಿ ‘ಲರ್ನರ್’ ಕಂಡರೆ ನಿಮ್ಮ ಕೈ ತಾನಾಗಿ ಎಲ್ ಬರೆಯುವಷ್ಟು ಆ ಪುಟಗಳನ್ನು ಓದಿ.

ಪದಬಂಧದವರಿಗೂ ಈ ನಿಘಂಟಿಗೂ ಇರುವ ನಂಟು ಹಳೆಯದು. ಬ್ರಿಟನ್ನಿನ ಅಬ್ಸರ್ವರ್ ಪತ್ರಿಕೆಯಲ್ಲಿ ಕಷ್ಟದ ಪದಬಂಧಗಳ ಪರಂಪರೆಯೇ ಇದೆ. 1926ರಲ್ಲಿ ಟಾರ್ಕೆಮಾಡಾ, 1939ರಿಂದ ಝೀಮೆನೀಸ್, 1972ರಿಂದ ಎಝೆಡ್. ಎಲ್ಲವೂ ಪದಬಂಧಕಾರರ ಗುಪ್ತನಾಮಗಳೇ. ಮೊದಲಿನ ಎರಡು ಸ್ಪೇನಿನ ಧರ್ಮವಿಚಾರಣೆ ನಡೆಸಿದ ಅಧಿಕಾರಿಗಳ ಹೆಸರು. ಮೂರನೆಯದೂ ಅಂಥದ್ದೇ, ಆದರೆ ತಿರುಗಿಸಿ ಬರೆದದ್ದು. ಅಲ್ಲಿ ಡೆಸಾ ಎಂಬ ಅಧಿಕಾರಿಯೂ ಇದ್ದ. ಅವನ ಹೆಸರಿನ ಡಿ, ಇ, ಝಡ್, ಎ ಹಿಂದಿನಿಂದ ಓದಿದರೆ ಎ, ಝಡ್, ಇ, ಡಿ. ಎ ಇಂದ ಝಡ್‌ವರೆಗೆ ಎಂಬ ಧ್ವನಿಯೂ ಅದರಲ್ಲೇ ಬಂತು. ಎಷ್ಟು ಚೆನ್ನಾಗಿದೆ ನೋಡಿ! ಎಝೆಡ್ ತಮ್ಮ ಪದಬಂಧಕ್ಕೆ ಚೇಂಬರ್ಸ್ ಇಟ್ಟುಕೊಳ್ಳಿ ಎಂದು ನೇರವಾಗಿಯೇ ಸೂಚಿಸುತ್ತಿದ್ದರು. ಝೀಮೆನೀಸ್ ಪಂಥದ ಪ್ರಕಾರ ಒಳ್ಳೆಯ ಸುಳಿವಿನಲ್ಲಿ ಇರಬೇಕಾದದ್ದು ಕರಾರುವಾಕ್ಕಾದ ಅರ್ಥ, ನ್ಯಾಯವಾದ ಅಕ್ಷರದಾಟ, ಅವೆರಡು ಬಿಟ್ಟು ಬೇರೇನೂ ಇಲ್ಲ. ಈ ನಿಯಮವನ್ನು ನಾನು ಪೂರ್ತಿ ಒಪ್ಪುತ್ತೇನೆ. ಇದಿದ್ದರೆ ಮಾತ್ರ ಅಪರಿಚಿತ ಪದವನ್ನೂ ಓದುಗರು ತಾವಾಗಿ ಕಟ್ಟಿ, ನಿಘಂಟಿನಲ್ಲಿ ನೋಡಿ, ಹೌದು ಎನ್ನಬಹುದು.

ಯಾಕ್ ಎಂಬ ಹಿಮಾಲಯದ ಪ್ರಾಣಿಯನ್ನೂ ಹಸುವನ್ನೂ ಸೇರಿಸಿ ಪಡೆದ ಮಿಶ್ರತಳಿಯ ಹೆಸರು ಇಂಥ ಅಪರಿಚಿತ ಪದಕ್ಕೆ ಇನ್ನೊಂದು ಉದಾಹರಣೆ. ಝಡ್ ಓ ಎಂದೂ ಬರೆಯಬಹುದು, ಡಿ ಝಡ್ ಓ ಎಂದೂ, ಡಿ ಎಸ್ ಓ ಎಂದೂ, ನಡುವೆ ಎಚ್ ಸೇರಿಸಿಯೂ. ಎಲ್ಲ ರೂಪಗಳೂ ಇಲ್ಲಿವೆ. ಯಾವುದು ಬೇಕು ಎಂದು ಅಡ್ಡ ಹಾಯುವ ಪದಗಳೇ ತೀರ್ಮಾನಿಸುತ್ತವೆ.

ಕಷ್ಟಗಳೂ ಇವೆ. ಪುಸ್ತಕ ಭಾರ, ಅಕ್ಷರ ಸಣ್ಣದು. ಒಂದು ಮೂಲಪದದಿಂದ ಹುಟ್ಟಿದವನ್ನೆಲ್ಲ ಅದರ ಕೆಳಗೇ ಒಟ್ಟಿಗೆ ಕೊಡುವ ಪದ್ಧತಿ ಇದರದ್ದು. ಆದ್ದರಿಂದ ಬೇಕಾದ ಪದ ನೇರವಾಗಿ ಕಾಣದಿದ್ದರೆ ಇಲ್ಲ ಎಂದುಕೊಳ್ಳಬೇಡಿ. ಮೂಲಪದದ ಕೆಳಗೆ ಕೊನೆಯವರೆಗೂ ಓದಿ. ವ್ಯಕ್ತಿಗಳ ಹೆಸರು, ಊರಿನ ಹೆಸರುಗಳಿಗೆ ಇದನ್ನು ನಂಬಿಕೊಂಡರೆ ಆಗುವುದಿಲ್ಲ, ಅಟ್ಲಾಸ್ ಬೇರೆ ಬೇಕು. ಇನ್ನೊಂದು ಗಮನಿಸಿ: ಚೇಂಬರ್ಸ್ ಹೆಸರಿನಲ್ಲಿ ವೆಬ್‌ನಲ್ಲಿ ಉಚಿತವಾಗಿ ಸಿಗುವುದು 21ನೇ ಶತಮಾನದ ನಿಘಂಟು ಎಂಬ ಬೇರೆಯೇ ಚಿಕ್ಕ ಪುಸ್ತಕ. ಅದರಲ್ಲಿ ಹಳೆಯ ಪದ ಸಿಗಲಿಲ್ಲವೆಂದರೆ ದೊಡ್ಡದರಲ್ಲಿ ಇಲ್ಲ ಎಂದಲ್ಲ.

ಮೊಬೈಲ್ ಆ್ಯಪ್ ರೂಪವೂ ಇದೆ. ಗೊತ್ತಿರುವ ಅಕ್ಷರ ಕೊಟ್ಟು ಉಳಿದ ಜಾಗ ಖಾಲಿ ಬಿಟ್ಟು ಹುಡುಕಬಹುದು. ಅನುಕೂಲವೇ, ಆದರೆ ಬೇಗನೆ ಅದಕ್ಕೆ ಕೈ ಹಾಕಿದರೆ ಆಟದ ರುಚಿ ಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ. ಪುಸ್ತಕದಲ್ಲಿ ಪುಟ ತಿರುವುವಾಗ ಬೇರೆ ಪದಗಳೂ ಕಣ್ಣಿಗೆ ಬೀಳುತ್ತವೆ. ಎಕ್ಲೇರ್ ಎಂಬ ಕೇಕಿಗೆ ಕೊಟ್ಟಿರುವ ಅರ್ಥ ನನಗೆ ಸಿಕ್ಕಿದ್ದು ಹಾಗೆಯೇ: ಆಕಾರದಲ್ಲಿ ಉದ್ದ, ಉಳಿಯುವುದು ಮಾತ್ರ ಸ್ವಲ್ಪ ಹೊತ್ತು. ನಿಘಂಟು ಬರೆದವರಿಗೂ ಪದಗಳ ಮೇಲೆ ಪ್ರೀತಿ ಇತ್ತು ಎಂದು ಅಲ್ಲಿ ಗೊತ್ತಾಗುತ್ತದೆ.

ಯಾರು ಕೊಳ್ಳಬೇಕು? ದಿನಪತ್ರಿಕೆಯ ಕಪ್ಪುಬಿಳುಪು ಚೌಕದ ಪದಬಂಧ ಮಾತ್ರ ಬಿಡಿಸುವವರಿಗೆ ಮನೆಯಲ್ಲಿರುವ ಯಾವುದೇ ಒಳ್ಳೆಯ ನಿಘಂಟು ಸಾಕು. ಕಪ್ಪು ಮನೆಗಳಿಲ್ಲದೆ ದಪ್ಪ ಗೆರೆಗಳಿಂದ ಪದ ಬೇರ್ಪಡಿಸಿದ ಚೌಕಗಳಿಗೆ ಇಳಿಯುವವರು ಚೇಂಬರ್ಸ್ ತೆಗೆದುಕೊಳ್ಳಿ. 2014ರ 13ನೇ ಆವೃತ್ತಿ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಅದಕ್ಕಿಂತ ಹಿಂದಿನದೂ ನಡೆಯುತ್ತದೆ, ಯಾಕೆಂದರೆ ಈ ಪದಬಂಧಗಳಿಗೆ ಜಾಸ್ತಿ ಬೇಕಾಗುವುದು ಹಳೆಯ ಪದಗಳೇ.