ಹಿಮೋಡಯಾಲಿಸಿಸೋ, ಹೊಟ್ಟೆಯ ಡಯಾಲಿಸಿಸೋ?

ಕಿಡ್ನಿ ಸೋತು ಡಯಾಲಿಸಿಸ್ ಶುರು ಮಾಡಬೇಕೆಂದು ಡಾಕ್ಟರು ಹೇಳಿದ್ದಾರೆ, ಯಾವುದು ಆರಿಸಲಿ ಎಂದು ಕೇಳಿದ್ದೀರಿ. ಮೊದಲು ಡಯಾಲಿಸಿಸ್ ಕೇಂದ್ರ ಎಷ್ಟು ದೂರ ಎಂದು ನೋಡಿ.

ಯಂತ್ರದಲ್ಲಿ ರಕ್ತ ಶುದ್ಧಿ ಮಾಡುವ ಹಿಮೋಡಯಾಲಿಸಿಸ್‌ಗೆ (ಹಿಮೋ) ಸಾಮಾನ್ಯವಾಗಿ ವಾರಕ್ಕೆ 3 ಸಲ, ಸಲಕ್ಕೆ 4 ಗಂಟೆ. ಬಸ್ಸಿನ ಹೊತ್ತು ಬೇರೆ. ಟ್ಯೂಬ್ ಮೂಲಕ ಹೊಟ್ಟೆಗೆ ದ್ರಾವಣ ತುಂಬಿ ಹೊರತೆಗೆಯುವ ಹೊಟ್ಟೆಯ ಡಯಾಲಿಸಿಸ್, ಅಂದರೆ ಸಿಎಪಿಡಿ, ಮನೆಯಲ್ಲೇ ಆಗುತ್ತದೆ: ದಿನಕ್ಕೆ 3–4 ಬಾರಿ, ಸುಮಾರು 2 ಲೀಟರ್ ದ್ರಾವಣ ಬದಲಿಸಲು ಅರ್ಧ ಗಂಟೆ. ಆದರೆ ಭಾನುವಾರವೂ ರಜೆಯಿಲ್ಲ.

ಹಿಮೋಗೆ ಕೈಯಲ್ಲಿ ಫಿಸ್ಟುಲಾ (ಅಪಧಮನಿ, ಅಭಿಧಮನಿಗಳನ್ನು ಆಪರೇಷನ್ ಮಾಡಿ ಕೂಡಿಸಿದ ಜೋಡಣೆ) ಬೇಕು. ಅದು ಬಲಿಯಲು 6–8 ವಾರವಾದರೂ ಬೇಕಾದ್ದರಿಂದ ಮುಂಚೆಯೇ ಮಾಡಿಸಿ. ಆ ಕೈಯಲ್ಲಿ ಬಿಪಿ ನೋಡಿಸಬೇಡಿ, ರಕ್ತ ತೆಗೆಸಬೇಡಿ. ದಿನಾ ಬೆರಳಿಟ್ಟು ನೋಡಿ: ಗುಯ್‌ಗುಟ್ಟುವ ಕಂಪನ ನಿಂತಿದ್ದರೆ ಹೆಪ್ಪುಗಟ್ಟಿರಬಹುದು, ಅಂದೇ ಆಸ್ಪತ್ರೆಗೆ ಓಡಿ.

ಸಿಎಪಿಡಿಯ ಶತ್ರು ಸೋಂಕು. ಫ್ಯಾನ್ ನಿಲ್ಲಿಸಿ, ಮಾಸ್ಕ್ ಹಾಕಿ, ಕೈ ತೊಳೆದು ಒರೆಸಿ, ಆಮೇಲೆ ಟ್ಯೂಬ್ ಮುಟ್ಟಿ. ಹೊಟ್ಟೆಯಿಂದ ಹೊರಬಂದ ದ್ರಾವಣದ ಚೀಲದ ಕೆಳಗೆ ಅಚ್ಚಾದ ಕಾಗದ ಹಿಡಿದರೆ ಅಕ್ಷರ ಕಾಣಬೇಕು; ಅಕ್ಕಿ ತೊಳೆದ ನೀರಿನಂತೆ ಕದಡಿದ್ದರೆ ಪೆರಿಟೋನೈಟಿಸ್ (ಹೊಟ್ಟೆಯ ಒಳಪೊರೆಯ ಸೋಂಕು) ಶಂಕೆ, ಕಾಯದೆ ಆಸ್ಪತ್ರೆಗೆ ಹೋಗಿ.

ಊಟದಲ್ಲಿ ಹಿಮೋ ಕಟ್ಟುನಿಟ್ಟು: ಎಳನೀರು, ಬಾಳೆಹಣ್ಣಿನ ಪೊಟ್ಯಾಸಿಯಂ ಅಪಾಯ. ಸಿಎಪಿಡಿಯಲ್ಲಿ ಈ ಬಿಗಿ ಸಾಮಾನ್ಯವಾಗಿ ಸಡಿಲ, ಆದರೆ ಪ್ರೋಟೀನ್ ಸೋರಿಹೋಗುತ್ತದೆ, ದ್ರಾವಣದ ಗ್ಲೂಕೋಸ್ ಸಕ್ಕರೆ ಕಾಯಿಲೆಯವರನ್ನು ಕಾಡುತ್ತದೆ.

ಖರ್ಚು? 2016ರ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಬಡವರಿಗೆ ಜಿಲ್ಲಾಸ್ಪತ್ರೆಗಳಲ್ಲಿ ಹಿಮೋ ಉಚಿತ. ಸಿಎಪಿಡಿ ಚೀಲಗಳ ತಿಂಗಳ ಲೆಕ್ಕ ಮೊದಲೇ ಕೇಳಿ, ಪೆಟ್ಟಿಗೆ ಪೇರಿಸಲು ಜಾಗವೂ ಬೇಕು.

ಕೇಂದ್ರ ದೂರವಿದ್ದು, ಮೂತ್ರ ಇನ್ನೂ ಬರುತ್ತಿದ್ದು, ಶುಚಿಯಾದ ಒಂದು ಮೂಲೆಯಿದ್ದರೆ ಸಿಎಪಿಡಿಯತ್ತ ವಾಲಿ. ಹೊಟ್ಟೆಯ ದೊಡ್ಡ ಆಪರೇಷನ್ ಆಗಿದ್ದರೆ, ಹರ್ನಿಯಾ ಇದ್ದರೆ, ಕೈ ನಡುಗಿ ಮನೆಯಲ್ಲಿ ನೆರವಿಲ್ಲದಿದ್ದರೆ ಹಿಮೋ ವಾಸಿ. ಕಿಡ್ನಿ ಕಸಿಯ ಅರ್ಹತೆಯನ್ನು ಎರಡರಲ್ಲೂ ಈಗಲೇ ವಿಚಾರಿಸಿಡಿ.